ಗೊನೆಸ್ ರೈತರ ನಿಯಮ

ಅನಿಲದ ಒತ್ತಡ, ಗಾತ್ರ, ತಾಪಗಳ ನಂಟನ್ನು ಕಂಡುಹಿಡಿದ ಕೀರ್ತಿಯನ್ನು ಪಠ್ಯಪುಸ್ತಕಗಳು ಬಾಯ್ಲ್, ಚಾರ್ಲ್ಸ್, ಗೇ ಲುಸಾಕ್ ಅವರಿಗೆ ಹಂಚಿ ಕೈತೊಳೆದುಕೊಂಡಿವೆ. ಪ್ಯಾರಿಸ್ ಬಳಿಯ ಗೊನೆಸ್ ಹಳ್ಳಿಯ ರೈತರ ಹೆಸರೇ ಇಲ್ಲ. ಈ ಕ್ಷೇತ್ರದ ತಜ್ಞನಾದ ನಾನು ಸುಮ್ಮನಿರುವುದು ಸರಿಯಲ್ಲ.

ಮೊದಲು ಹಿನ್ನೆಲೆ. ತಾಪ ಬದಲಾಗದಿದ್ದರೆ, ಒತ್ತಡ ದುಪ್ಪಟ್ಟಾದಾಗ ಅನಿಲದ ಗಾತ್ರ ಅರ್ಧವಾಗುತ್ತದೆ ಎಂದು ಬಾಯ್ಲ್ 1662ರಲ್ಲಿ ಪ್ರಕಟಿಸಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ನಮ್ಮ ಹಿರಿಯರು ಇದನ್ನೇ ಪಾದರಸದ ಖರ್ಚಿಲ್ಲದೆ ಹೇಳಿದ್ದರು. ಇರಲಿ.

1783ರ ಆಗಸ್ಟ್ 27ರ ಸಂಜೆ ಜಾಕ್ ಚಾರ್ಲ್ಸ್ ಪ್ಯಾರಿಸ್ಸಿನ ಮೈದಾನದಿಂದ ಹೈಡ್ರೋಜನ್ ಬಲೂನನ್ನು ಹಾರಿಬಿಟ್ಟರು. ರಬ್ಬರ್ ಬಳಿದ ರೇಷ್ಮೆ, ಸುಮಾರು 4 ಮೀಟರ್ ಅಡ್ಡಗಲ. ಕಬ್ಬಿಣಕ್ಕೆ ಗಂಧಕಾಮ್ಲ ಸುರಿದು ಪಡೆದ ಅನಿಲವನ್ನು ಬಿಗಿಯಾಗಿ ತುಂಬಿದ್ದರು. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯಿತು. ಒಳಗಿನ ಅನಿಲ ಬಾಯ್ಲ್ ಮಾತಿಗೆ ಬೆಲೆ ಕೊಟ್ಟು ಹಿಗ್ಗಲು ಹೊರಟಿತು. ಜಾಗ ಸಾಲಲಿಲ್ಲ, ರೇಷ್ಮೆ ಹರಿಯಿತು. ಮುಕ್ಕಾಲು ಗಂಟೆಯಲ್ಲಿ ಬಲೂನು ಗೊನೆಸ್‌ಗೆ ಬಂದು ಬಿತ್ತು.

ನಿಜವಾದ ಸಂಶೋಧನೆ ಶುರುವಾದದ್ದು ಆಮೇಲೆ. ಆಕಾಶದಿಂದ ಬಿದ್ದು ಹೊರಳಾಡುತ್ತಿದ್ದ ಆ ವಸ್ತುವನ್ನು ರೈತರು ಕವೆಗೋಲು, ಚಾಕು ಹಿಡಿದು ಪರಿಶೀಲಿಸಿದರು. ತಿವಿದಲ್ಲೆಲ್ಲ ಒಳಗಿನ ಒತ್ತಡ ಹೊರಗಿನ ಒತ್ತಡಕ್ಕೆ ಸಮನಾಯಿತು. ಚೀಲದ ಗಾತ್ರ ಸೊನ್ನೆಯತ್ತ ಇಳಿಯಿತು. ತಾಪ ಏರಿದ್ದು ರೈತರದ್ದು ಮಾತ್ರ. ಬಾಯ್ಲ್ ನಿಯಮ ನಡೆಯಬೇಕಾದರೆ ಅನಿಲದ ಪ್ರಮಾಣ ಬದಲಾಗಕೂಡದು ಎಂಬ ಷರತ್ತಿದೆ. ಪಠ್ಯಪುಸ್ತಕ ಸಣ್ಣಕ್ಷರದಲ್ಲಿ ಮುಗಿಸುವ ಈ ಷರತ್ತನ್ನು ಇಡೀ ಊರೇ ಸೇರಿ ಪ್ರಾಯೋಗಿಕವಾಗಿ ತೋರಿಸಿದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಇಂಥ ಗೋಳ ಕಂಡರೆ ಹೆದರಬೇಡಿ, ಅದು ಬರೀ ಯಂತ್ರ ಎಂದು ಸರ್ಕಾರ ಅದೇ ವರ್ಷ ಪ್ರಜೆಗಳಿಗೆ ತಿಳಿವಳಿಕೆ ಪತ್ರ ಹೊರಡಿಸಿತು. ಪ್ರಯೋಗ ಮುಗಿದ ಮೇಲೆ ಮಾರ್ಗಸೂಚಿ ಬರುವುದು ಎಲ್ಲ ಸರ್ಕಾರಗಳೂ ಪಾಲಿಸುವ ವೈಜ್ಞಾನಿಕ ಕ್ರಮ.

ಚಾರ್ಲ್ಸ್ ಡಿಸೆಂಬರ್ 1ರಂದು ತಾವೇ ಬಲೂನು ಹತ್ತಿದರು. ಈ ಸಲ ಅನಿಲ ಹೊರಬಿಡಲು ಕವಾಟ ಇಟ್ಟಿದ್ದರು. ಇದು ಗೊನೆಸ್ ವಿಧಾನದ ಸುಧಾರಿತ ರೂಪವೆಂದು ಒಪ್ಪಿಕೊಳ್ಳುವ ಸೌಜನ್ಯವನ್ನು ಅವರು ತೋರಲಿಲ್ಲ.

ಮುಂದೆ ಅವರು ಅನಿಲಗಳನ್ನು ಬಿಸಿಮಾಡಿ ನೋಡಿದರು. ಒತ್ತಡ ಬದಲಾಗದಿದ್ದರೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಅನಿಲ, ಸೊನ್ನೆ ಡಿಗ್ರಿಯಲ್ಲಿದ್ದ ಗಾತ್ರದ ಸುಮಾರು 273ನೇ ಒಂದು ಪಾಲಿನಷ್ಟು ಹಿಗ್ಗುತ್ತದೆ. ಆದರೆ ಚಾರ್ಲ್ಸ್ ತಮ್ಮ ಕೆಲಸವನ್ನು ಪ್ರಕಟಿಸಲೇ ಇಲ್ಲ. 1802ರಲ್ಲಿ ಗೇ ಲುಸಾಕ್ ಸ್ವತಃ ಅಳೆದು ಪ್ರಕಟಿಸಿ, ಚಾರ್ಲ್ಸ್ ಹೆಸರನ್ನೂ ಹೇಳಿದರು. ಬರೆಯದವರಿಗೇ ನಿಯಮ ದಕ್ಕಿತು.

ಆದ್ದರಿಂದ ನನ್ನ ಶಿಫಾರಸು ಇಷ್ಟೇ. ಪ್ರಕಟಿಸದೇ ಇರುವುದು ಅರ್ಹತೆಯಾದರೆ, ಗೊನೆಸ್ ರೈತರೂ ಒಂದಕ್ಷರ ಪ್ರಕಟಿಸಿಲ್ಲ. ಮುಂದಿನ ಪರಿಷ್ಕರಣೆಯಲ್ಲಿ ಅವರ ನಿಯಮವನ್ನೂ ಸೇರಿಸಿ, ಎರಡು ಅಂಕದ ಪ್ರಶ್ನೆಗೆ ಇಡಬೇಕು. ಪ್ರಾಯೋಗಿಕ ಪರೀಕ್ಷೆ ಮಾತ್ರ ಬೇಡ.