ಗಾಡಿಯ ಮೇಲಣ ಶಯನ: ದೊಡ್ಡಬೆಳವಂಗಲ ಹೋಬಳಿಯಲ್ಲಿ ಚಲಿಸುವ ಬಿಡಾರದ ವಿಕಾಸ

ಪ್ರಾಣಿಯಿಂದಲೋ ಯಂತ್ರದಿಂದಲೋ ಎಳೆಸಿಕೊಂಡು ಹೋಗುವ, ಮನುಷ್ಯರು ಮೇಲೇರಿ ಮಲಗಲು ಎಡೆಯಿರುವ ಚಕ್ರದ ಸಾಧನಕ್ಕೆ ಚಲಿಸುವ ಬಿಡಾರವೆಂದು ಹೆಸರು. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವುಂಟು ಎಂಬುದು ಪೂರ್ವಪಕ್ಷ. ಸುಗ್ಗಿಯಲ್ಲಿ ರಾಗಿ ಹುಲ್ಲು ಹೇರಿದ ಗಾಡಿಯ ಮೇಲೆ ಅಂಗಾತ ಬಿದ್ದುಕೊಂಡು, ಎತ್ತುಗಳಿಗೆ ದಾರಿ ಗೊತ್ತೆಂಬ ಧೈರ್ಯದಲ್ಲಿ ಗೊರಕೆ ಹೊಡೆಯುತ್ತ ಮನೆ ಸೇರುವ ರೈತನೂ ಇದರೊಳಗೆ ಬಂದುಬಿಡುತ್ತಾನೆ. ಆದ್ದರಿಂದ ‘ಅದಕ್ಕೆಂದೇ ಸಾಲ ಮಾಡಿ’ ಎಂಬ ವಿಶೇಷಣವನ್ನು ಸೇರಿಸಿ ಲಕ್ಷಣವನ್ನು ಪರಿಷ್ಕರಿಸಬೇಕಾಗುತ್ತದೆ. ಸಾಲವಿಲ್ಲದೆ ಗಾಡಿಯ ಮೇಲೆ ಮಲಗುವುದು ನಿದ್ದೆ. ಸಾಲ ಮಾಡಿ ಮಲಗುವುದು ಕ್ಯಾಂಪಿಂಗ್.

ದೊಡ್ಡಬೆಳವಂಗಲವು ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದು. ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಗೆ ಹೋಗುವ ದಾರಿಯ ಮೇಲಿದೆ. ಚಲಿಸುವ ಬಿಡಾರದ ಅಧ್ಯಯನಕ್ಕೆ ಈ ಹೋಬಳಿಯನ್ನೇ ಆರಿಸಿಕೊಳ್ಳಲು ಕಾರಣ ಅದೇ ತಾಲ್ಲೂಕಿನ ತೂಬಗೆರೆ ಹೋಬಳಿಯಲ್ಲಿರುವ ಘಾಟಿ ಸುಬ್ರಹ್ಮಣ್ಯ. ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವಕ್ಕೆ ಮುಂಚೆ, ಡಿಸೆಂಬರ್–ಜನವರಿಯ ಚಳಿಯಲ್ಲಿ, ಅಲ್ಲಿ ದನಗಳ ಜಾತ್ರೆ ಕೂಡುತ್ತದೆ. ದನ ಮಾರಲು ಹೋದವನು ವ್ಯಾಪಾರ ಕುದುರುವ ತನಕ ಬಯಲಲ್ಲೇ ಇರಬೇಕು. ಮಲಗಬೇಕು, ಬೇಯಿಸಿಕೊಳ್ಳಬೇಕು, ದನ ಕಾಯಬೇಕು. ಬಿಡಾರಶಾಸ್ತ್ರದ ಸಮಸ್ತ ಸಮಸ್ಯೆಗಳೂ ಈ ಮೂರರಲ್ಲೇ ಅಡಗಿವೆ. ಊರುಬಿಟ್ಟು ಮಲಗಲು ಇಂಥ ಕಾರಣವೇನೂ ಬೇಕಿಲ್ಲ ಎಂಬ ವಾದ ಇತ್ತೀಚಿನದು. ಅದು ಬೆಂಗಳೂರಿನ ಕಡೆಯಿಂದ ಬಂದಿರಬಹುದು.

ಪಾಶ್ಚಾತ್ಯರು ವಿಹಾರದ ಬಿಡಾರಗಾಡಿಯ ಮೂಲಪುರುಷನೆಂದು ಕೊಂಡಾಡುವುದು ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬವರನ್ನು. ನೌಕಾಪಡೆಯಲ್ಲಿ ವೈದ್ಯರಾಗಿದ್ದು ನಿವೃತ್ತರಾದ ಇವರು 1885ರಲ್ಲಿ ಬ್ರಿಸ್ಟಲ್‌ನಲ್ಲಿ ‘ವಾಂಡರರ್’ ಎಂಬ ಗಾಡಿಯನ್ನು ಕಟ್ಟಿಸಿದರು. ಎರಡು ಕುದುರೆ, ಹೊಡೆಯಲು ಒಬ್ಬ, ಸೇವೆಗೆ ಇನ್ನೊಬ್ಬ. ಆ ಇನ್ನೊಬ್ಬನ ಕೆಲಸಗಳಲ್ಲಿ ಮುಂದೆ ಮುಂದೆ ಮೂರು ಚಕ್ರದ ಸೈಕಲ್ ತುಳಿದುಕೊಂಡು ದಾರಿ ನೋಡುವುದೂ ಸೇರಿತ್ತು. ಮರುವರ್ಷವೇ ಅವರು ಪ್ರವಾಸದ ಪುಸ್ತಕವನ್ನೂ ಪ್ರಕಟಿಸಿದರು. ಅದೇ ಕಾಲದಲ್ಲಿ ಘಾಟಿಯ ದಾರಿ ಹಿಡಿದ ಕಮಾನು ಗಾಡಿಗಳ ಬಗ್ಗೆ ಅಂಥ ಪುಸ್ತಕವಿಲ್ಲ. ಗಾಡಿಯವರು ಸಂಜೆಯಾಗುತ್ತಲೇ ಎತ್ತಿಗೆ ಹುರುಳಿ ಬೇಯಿಸಬೇಕಾಗಿದ್ದು, ಗ್ರಂಥರಚನೆಗೆ ಬಿಡುವಿರಲಿಲ್ಲ. ಸ್ಟೇಬಲ್ಸ್ ಅವರಿಗೆ ಪ್ರಾಥಮ್ಯ ದೊರೆತಿರುವುದು ಈ ಬಿಡುವಿನಿಂದಲೇ ಹೊರತು ಗಾಡಿಯಿಂದಲ್ಲ.

ವಿಕಾಸದ ಮೊದಲ ಘಟ್ಟ ಕಮಾನು ಗಾಡಿ. ಮರದ ಚಕ್ರ, ಕಬ್ಬಿಣದ ಪಟ್ಟಿ, ಬಿದಿರು ಬಗ್ಗಿಸಿ ಚಾಪೆ ಹೊದಿಸಿದ ಕಮಾನು, ಒಳಗೆ ಹುಲ್ಲಿನ ಮೆತ್ತೆ, ಅಚ್ಚಿನ ಕೆಳಗೆ ತೂಗುವ ಲಾಂದ್ರ. ಹೆಂಗಸರು ಮಕ್ಕಳು ಕಮಾನಿನೊಳಗೆ, ಗಂಡಸರು ಗಾಡಿಯ ಅಡಿಯಲ್ಲಿ. ಹೀಗೆ ಎರಡಂತಸ್ತಿನ ಶಯನ ಆಗಲೇ ಸಿದ್ಧಿಸಿತ್ತು. ಮಹಡಿ ಮೇಲಿನವರಿಗೆ ಚಳಿ ತಾಗದು, ನೆಲದ ಮೇಲಿನವರಿಗೆ ಇಬ್ಬನಿ ಬೀಳದು. ಯಾರಿಗೂ ಬಾಡಿಗೆ ಇಲ್ಲ.

ಎರಡನೆಯದು ಟೈರ್ ಗಾಡಿ. ಚಕ್ರಕ್ಕೆ ರಬ್ಬರು ಬಂತು, ಸದ್ದು ಹೋಯಿತು, ಹೊರೆ ಹೆಚ್ಚಿತು. ಈ ಘಟ್ಟದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ; ಪಂಚರ್ ಎಂಬ ಪದಾರ್ಥ ಹೋಬಳಿಯ ಅನುಭವಕ್ಕೆ ಸೇರಿದ್ದಷ್ಟೇ ಅದರ ಕೊಡುಗೆ.

ಮೂರನೆಯದು ಟ್ರ್ಯಾಕ್ಟರ್ ಟ್ರೇಲರ್. ತೊಟ್ಟಿಯ ನಾಲ್ಕು ಮೂಲೆಗೆ ಗಳು ಕಟ್ಟಿ ಮೇಲೆ ಟಾರ್ಪಾಲು ಎಳೆದರೆ ಒಂದು ಮನೆತನವೇ ಹಿಡಿಸುತ್ತದೆ. ಕೆಳಗೆ ಹುಲ್ಲು, ಅದರ ಮೇಲೆ ಜಮಖಾನ, ಮೂಲೆಯಲ್ಲಿ ಬೂಸಾ ಮೂಟೆ ದಿಂಬಿಗೆ. ಹೈಡ್ರಾಲಿಕ್ ಇರುವ ಟ್ರೇಲರಾದರೆ ಇನ್ನೊಂದು ಸೌಲಭ್ಯವುಂಟು. ಸನ್ನೆ ಎಳೆದೊಡನೆ ತೊಟ್ಟಿಯ ಮುಂಭಾಗ ಮೇಲೇಳುತ್ತದೆ, ಮಲಗಿದ್ದವರು ಹಿಂಬಾಗಿಲ ಬಳಿ ಒಟ್ಟಾಗುತ್ತಾರೆ. ಬೆಳಗಾದರೂ ಏಳದ ಹುಡುಗರನ್ನು ಎಬ್ಬಿಸಲು ಇದಕ್ಕಿಂತ ಖಚಿತವಾದ ವಿಧಾನ ಇಂದಿನ ದುಬಾರಿ ಟ್ರೇಲರುಗಳಲ್ಲೂ ಕಂಡುಬರುವುದಿಲ್ಲ.

ಇದೇ ಘಟ್ಟದಲ್ಲಿ ಒಂದು ವಿಪರ್ಯಾಸವೂ ಜರುಗಿತು. ಗಾಡಿ ಎಳೆಯುತ್ತಿದ್ದ ಹಳ್ಳಿಕಾರ್ ಜೋಡಿ ಈಗ ಗಾಡಿ ಹತ್ತಿ ಜಾತ್ರೆಗೆ ಹೋಗುತ್ತದೆ. ಪಿಕಪ್ ವಾಹನದ ಹಿಂದೆ ಹುಲ್ಲು ಹಾಸಿ, ಕೊಂಬಿಗೆ ಎಣ್ಣೆ ಹಚ್ಚಿಸಿಕೊಂಡು, ಗಾಳಿಗೆ ಮುಖವೊಡ್ಡಿ ನಿಲ್ಲುತ್ತದೆ. ಜಾತ್ರೆಯಲ್ಲಿ ಅದಕ್ಕೆಂದೇ ಚಪ್ಪರ, ಮೇಲೆ ಬಟ್ಟೆಯ ಅಲಂಕಾರ, ವಿದ್ಯುದ್ದೀಪ; ಬೆಲೆ ಲಕ್ಷಗಳಲ್ಲಿ. ಒಡೆಯ ಅದರ ಕಾಲಬುಡದಲ್ಲಿ ಕಂಬಳಿ ಹೊದ್ದು ಮಲಗುತ್ತಾನೆ. 2022ರಲ್ಲಿ ಚರ್ಮಗಂಟು ರೋಗ ಹರಡಿ ರಾಜ್ಯದಲ್ಲಿ ಜಾನುವಾರು ಜಾತ್ರೆಗಳಿಗೆ ತಡೆ ಬಿದ್ದಾಗ ಪ್ರಯಾಣದ ಅವಕಾಶ ತಪ್ಪಿದ್ದು ದನಕ್ಕೇ. ಮನುಷ್ಯರ ಓಡಾಟಕ್ಕೆ ಅಡ್ಡಿಯಿರಲಿಲ್ಲ. ಬಿಡಾರದ ಇತಿಹಾಸದಲ್ಲಿ ನಿಜವಾದ ಬಡ್ತಿ ಪಡೆದವರು ಎತ್ತುಗಳು ಮಾತ್ರ ಎಂಬ ಅಭಿಪ್ರಾಯವನ್ನು ಖಂಡಿಸುವುದು ಕಷ್ಟ.

ನಾಲ್ಕನೆಯ ಘಟ್ಟವೇ ಪ್ರಸ್ತುತ ವಿಷಯ: ತಲೆಯ ಮೇಲೆ ಗುಡಾರ ಹೊತ್ತ ಪುಟ್ಟ ಕ್ಯಾಂಪಿಂಗ್ ಟ್ರೇಲರ್. ಚಾವಣಿಯ ಗುಡಾರ 1950ರ ದಶಕದ ಕೊನೆಗೆ ಇಟಲಿಯಲ್ಲಿ ಮಾರುಕಟ್ಟೆಗೆ ಬಂತು. ಪೂರ್ವ ಜರ್ಮನಿಯವರು ಅದನ್ನು 26 ಅಶ್ವಶಕ್ತಿಯ ಟ್ರಬಾಂಟ್ ಕಾರಿನ ನೆತ್ತಿಯ ಮೇಲೂ ಹೇರಿದರು. ಕಾರಿನ ಮೇಲೆಯೇ ಗುಡಾರವಿರುವಾಗ ಟ್ರೇಲರಿಗೆ ಏಕೆ ಬಡ್ತಿ ಪಡೆಯಬೇಕು ಎಂದರೆ, ಬೆಳಿಗ್ಗೆ ಹಾಲು ತರಲು. ಗುಡಾರ ಕಾರಿನ ಮೇಲಿದ್ದರೆ ಅಂಗಡಿಗೆ ಹೋಗಲು ಮನೆಯನ್ನೇ ಮಡಚಬೇಕು. ಟ್ರೇಲರ್ ಆದರೆ ಕೊಂಡಿ ಕಳಚಿ, ಬಿಡಾರವನ್ನು ಬಿಟ್ಟು, ಕಾರನ್ನಷ್ಟೇ ಒಯ್ಯಬಹುದು. ಎತ್ತು ಬಿಚ್ಚಿ, ಮೂಕಿಗೆ ಊರೆಗೋಲು ಕೊಟ್ಟು, ಗಾಡಿಯನ್ನು ಮರದಡಿ ನಿಲ್ಲಿಸುತ್ತಿದ್ದವರಿಗೆ ಈ ಆವಿಷ್ಕಾರವನ್ನು ವಿವರಿಸುವಾಗ ಸ್ವಲ್ಪ ಮುಜುಗರ ತಪ್ಪದು.

ಹೊರೆಯ ಹಂಚಿಕೆ ಈ ಶಾಸ್ತ್ರದ ಅತಿ ಕಠಿಣ ಅಧ್ಯಾಯ. ಟ್ರೇಲರಿನ ಒಟ್ಟು ತೂಕದಲ್ಲಿ ಶೇ. 10ರ ಆಸುಪಾಸು ಕೊಂಡಿಯ ಮೇಲೆ ಕೂರಬೇಕೆಂದು ತಯಾರಕರ ಕೈಪಿಡಿಗಳು ಹೇಳುತ್ತವೆ. ಅದನ್ನು ಅಳೆಯಲು ಪ್ರತ್ಯೇಕ ತಕ್ಕಡಿಯೂ ಸಿಗುತ್ತದೆ. ಹೋಬಳಿಯಲ್ಲಿ ಇದಕ್ಕೆ ಮುಂಭಾರ, ಹಿಂಭಾರ ಎಂಬ ಎರಡೇ ಮಾತು ಸಾಕಾಗಿತ್ತು. ಮುಂಭಾರವಾದರೆ ನೊಗ ಎತ್ತಿನ ಹೆಗಲು ಉಜ್ಜಿ ಹುಣ್ಣಾಗುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು, ಕೊರಳ ಹಗ್ಗ ಬಿಗಿದು, ಎತ್ತು ಕಣ್ಣು ಮೇಲೆ ಮಾಡುತ್ತದೆ. ಗಾಡಿ ಹೇರುವವನು ಮೂಕಿಯ ತುದಿಯನ್ನು ಒಂದು ಕೈಯಲ್ಲಿ ಎತ್ತಿ ನೋಡಿ, “ಎರಡು ಮೂಟೆ ಮುಂದಕ್ಕೆ ತಳ್ಳಲಾ” ಎಂದರೆ ಲೆಕ್ಕ ಮುಗಿಯಿತು. ಎತ್ತಿನಂತೆ ಕಾರು ದೂರು ಹೇಳದಿರುವುದೇ ಆಧುನಿಕ ಟ್ರೇಲರಿನ ತೊಡಕು. ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ನಡೆಯುವ ಗಾಡಿಯಲ್ಲಿ ಹಿಂಭಾರದ ಶಿಕ್ಷೆ ಎತ್ತಿಗೆ ಮಾತ್ರ. ದಾಬಸ್‌ಪೇಟೆ–ದೊಡ್ಡಬಳ್ಳಾಪುರ–ಹೊಸಕೋಟೆ ವರ್ತುಲ ಹೆದ್ದಾರಿ 2024ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ವೇಗ ಕೈಗೆಟಕುವಂತಾಗಿದೆ. ಆ ವೇಗದಲ್ಲಿ ಹಿಂಭಾರದ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡಿ, ಕೊನೆಗೆ ಬಾಲವೇ ಕಾರನ್ನು ಅಲ್ಲಾಡಿಸುತ್ತದೆ.

ಶಯನದ ವಿಧಿಗೆ ಕಾಯ್ದೆಯೂ ಕೈಹಾಕಿದೆ. 1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಮಿನಂತೆ ಮೋಟಾರು ವಾಹನದ ಮೇಲ್ಭಾಗದಲ್ಲಿ ಯಾರೂ ಪ್ರಯಾಣ ಮಾಡುವಂತಿಲ್ಲ. ಗುಡಾರದಲ್ಲಿ ಮಲಗಬೇಕಾದರೆ ಗಾಡಿ ನಿಂತಿರಬೇಕು, ಗಾಡಿ ಹೊರಡಬೇಕಾದರೆ ಎದ್ದು ಇಳಿಯಬೇಕು. ಎತ್ತಿನ ಗಾಡಿ ಮೋಟಾರು ವಾಹನವಲ್ಲವಾದ್ದರಿಂದ, ಮಲಗಿಕೊಂಡೇ ಊರು ಸೇರುವ ಸವಲತ್ತು ಈಗಲೂ ಹುಲ್ಲಿನ ಗಾಡಿಯವನೊಬ್ಬನಿಗೇ ಉಳಿದಿದೆ.

ಗುಡಾರ ನೆಲದಿಂದ ಐದಾರು ಅಡಿ ಎತ್ತರದಲ್ಲಿ ಬಿಚ್ಚಿಕೊಳ್ಳುತ್ತದೆ, ಹತ್ತಲು ಮಡಚುವ ಅಲ್ಯೂಮಿನಿಯಂ ಏಣಿ. ಹಾವು, ಚೇಳು, ಕೆಸರು ಯಾವುದರ ಭಯವೂ ಇಲ್ಲವೆಂದು ಮಾರುವವರು ಹೇಳುತ್ತಾರೆ. ರಾಗಿ ಹೊಲಕ್ಕೆ ಹಂದಿ ಬೀಳದಂತೆ ಕಾಯಲು ನಾಲ್ಕು ಕಂಬ ನೆಟ್ಟು ಕಟ್ಟುವ ಅಟ್ಟಣೆಗೂ ಇದೇ ಗುಣಗಳಿವೆ. ಆದರೆ ಅಟ್ಟಣೆಗೆ ಕಳಿಸುತ್ತಿದ್ದುದು ಮನೆಯ ಹುಡುಗರನ್ನು, ಗುಡಾರಕ್ಕೆ ಹತ್ತುವವರು ಅದರ ಕಂತು ಕಟ್ಟುವ ವಯಸ್ಸಿನವರು. ಪುಷ್ಯದ ಚಳಿಗೆ ರಾತ್ರಿ ಎರಡು ಮೂರು ಸಲ ಏಳಬೇಕಾದ ವಯಸ್ಸೂ ಅದೇ. ಬೆಚ್ಚಗಿನ ಹೊದಿಕೆಯಿಂದ ಹೊರಬಂದು, ಜಿಪ್ ಹುಡುಕಿ, ಕತ್ತಲಲ್ಲಿ ಹಿಮ್ಮುಖವಾಗಿ ಕಾಲು ಇಳಿಬಿಟ್ಟು, ಇಬ್ಬನಿಗೆ ಒದ್ದೆಯಾದ ಮೊದಲ ಮೆಟ್ಟಿಲನ್ನು ಬರಿ ಹೆಬ್ಬೆರಳಿನಿಂದ ತಡಕುವ ಆ ಹೊತ್ತಿನಲ್ಲಿ, ಗಾಡಿಯ ಅಡಿಯಲ್ಲಿ ಮಲಗುತ್ತಿದ್ದ ಪೂರ್ವಜರ ಸ್ಥಾನನಿರ್ಣಯಕ್ಕೆ ಆಧಾರ ತಾನಾಗಿಯೇ ದೊರಕುತ್ತದೆ.

ಪಾಕಪ್ರಕರಣಕ್ಕೆ ಬಂದರೆ, ಟ್ರೇಲರಿನ ಹಿಂಬದಿಯಲ್ಲಿ ಎಳೆದರೆ ಹೊರಬರುವ ಅಡುಗೆಮನೆ ಇರುತ್ತದೆ: ಒಲೆ, ತೊಟ್ಟಿ, ಸಣ್ಣ ಹಲಗೆ. ಕಾಫಿಗೆ, ಮೊಟ್ಟೆಗೆ, ಅವರೆಕಾಳಿನ ಸಾರಿಗೂ ಅಡ್ಡಿಯಿಲ್ಲ. ಕಷ್ಟ ಮುದ್ದೆಯದು. ಎಸರು ಕುದ್ದು ಹಿಟ್ಟು ಬಿದ್ದಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು, ಹಿಟ್ಟಿನ ಕೋಲನ್ನು ಎರಡೂ ಕೈಯಲ್ಲಿ ತಿರುವುತ್ತ ಮೈಭಾರವನ್ನೆಲ್ಲ ಅದರ ಮೇಲೆ ಹಾಕಬೇಕು. ಜಾರುಹಳಿಯ ಮೇಲೆ ನಿಂತ ಅಡುಗೆಮನೆ ಈ ಬಲಕ್ಕೆ ತಡೆಯದು. ಮೊದಲ ಸುತ್ತಿಗೆ ಒಳಸರಿಯುತ್ತದೆ, ಎರಡನೆಯದಕ್ಕೆ ಹೊರಬರುತ್ತದೆ, ಮೂರನೆಯದಕ್ಕೆ ಬಾಗುತ್ತದೆ. ಗಂಟಿಲ್ಲದ ಮುದ್ದೆಗೆ ನೆಲದ ಮೇಲಿನ ಮೂರು ಕಲ್ಲೇ ಪ್ರಮಾಣ. ಆದ್ದರಿಂದ ಟ್ರೇಲರಿನ ಪಕ್ಕದಲ್ಲೇ ಕಲ್ಲು ಹೂಡುವುದು ಅನಿವಾರ್ಯ, ಎಳೆಯುವ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಬಾಟಲಿ ಇಡಬಹುದು.

ಹಿಮ್ಮುಖ ಚಾಲನೆ ಕೊನೆಯ ಪರೀಕ್ಷೆ. ಟ್ರೇಲರಿನ ಬೆನ್ನು ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಬೇಕು. ಟ್ರೇಲರ್ ಗಿಡ್ಡವಿದ್ದಷ್ಟೂ ಬೇಗ ಮಡಚಿಕೊಳ್ಳುತ್ತದೆ, ಆದ್ದರಿಂದ ಪುಟ್ಟದನ್ನು ಕೊಂಡರೆ ಸುಲಭ ಎಂಬ ನಂಬಿಕೆಗೆ ಆಧಾರವಿಲ್ಲ. ಇಂಥ ಹೊತ್ತಿಗೆ ಎಲ್ಲಿಂದಲೋ ನಾಲ್ವರು ಬಂದು, “ಬರ್ಲಿ ಬರ್ಲಿ, ಫುಲ್ ಕಟ್ ಮಾಡಣ್ಣ, ಸ್ಟ್ರೇಟ್ ಮಾಡು, ಅಯ್ಯೋ ಆ ಕಡೆ” ಎಂದು ನಾಲ್ಕು ದಿಕ್ಕಿಗೆ ಮಾರ್ಗದರ್ಶನ ಮಾಡುತ್ತಾರೆ. ಇವರನ್ನು ಬಿಟ್ಟು ಕನ್ನಡಿಯನ್ನು ನಂಬುವುದು ಲೇಸು. ಘಾಟಿಯ ಗರ್ಭಗುಡಿಯಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೂ ನರಸಿಂಹ ಪಶ್ಚಿಮಕ್ಕೂ ಮುಖ ಮಾಡಿರುವುದರಿಂದ ಹಿಂದಿನ ಮೂರ್ತಿಯ ದರ್ಶನಕ್ಕೆ ಕನ್ನಡಿ ಇಟ್ಟಿದ್ದಾರೆ. ಹೀಗಾಗಿ, ಹಿಂದಿರುವುದನ್ನು ಮುಂದೆ ನಿಂತು ಕನ್ನಡಿಯಲ್ಲಿ ಕಾಣುವ ಪದ್ಧತಿ ತಾಲ್ಲೂಕಿನ ಭಕ್ತರಿಗೆ ಹೊಸದಲ್ಲ. ಚಾಲಕರಿಗೆ ಇನ್ನೂ ರೂಢಿಯಾಗಬೇಕು.

ಇನ್ನುಳಿದದ್ದು ಸಾಮರ್ಥ್ಯದ ಲೆಕ್ಕ. ಊರೊಳಗೆ ಟ್ರೇಲರ್ ನಿಂತರೆ ಅದರ ಗುಡಾರ, ದೀಪ, ಸೋಲಾರ್ ಯಾವುದನ್ನೂ ಯಾರೂ ಕೇಳರು, “ಎಷ್ಟು ಮೂಟೆ ಹಿಡಿಸುತ್ತಣ್ಣ?” ಎಂದು ಕೇಳುತ್ತಾರೆ. ಒಟ್ಟು 750 ಕಿಲೋ ಮಿತಿಯ ಟ್ರೇಲರಿನ ಖಾಲಿ ತೂಕ 450 ಕಿಲೋ ಎಂದಿಟ್ಟುಕೊಂಡರೆ ಉಳಿಯುವುದು 300. ಗುಡಾರಕ್ಕೆ 60, ಅರವತ್ತು ಲೀಟರ್ ನೀರಿಗೆ 60, ತುಂಬಿದ ಫ್ರಿಜ್ಜಿಗೆ 30 ಕಳೆದರೆ ಮಿಕ್ಕಿದ್ದು 150 ಕಿಲೋ, ಅಂದರೆ 50 ಕಿಲೋದ ಮೂರು ಮೂಟೆ. ನೀರು ಚೆಲ್ಲಿದರೆ ನಾಲ್ಕು. ಫ್ರಿಜ್ಜನ್ನೂ ಗುಡಾರವನ್ನೂ ಇಳಿಸಿದರೆ ಆರು. ಆರು ಮೂಟೆಯಾದರೆ ಮಂಡಿಗೊಂದು ಬಾಡಿಗೆ ಹೊಡೆದು ಕಂತು ಕಟ್ಟಬಹುದೆಂಬ ಸಲಹೆ ಬರುವುದು ಸಹಜ. ಆದರೆ ಸ್ವಂತ ಬಳಕೆಯ ಕ್ಯಾಂಪರ್ ಟ್ರೇಲರನ್ನು ಕೇಂದ್ರ ಸರ್ಕಾರದ 2004ರ ಅಧಿಸೂಚನೆ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿಟ್ಟಿದೆ. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಓಡುವಂತಿಲ್ಲ.