ನಿಮಿಷಕ್ಕೆ ಬೆಲೆ ಕಟ್ಟುವ ರಾಯರು

ಲಕ್ಷ್ಮೀಪುರಂನ ರಾಯರು 'ಹೇಗಿದ್ದೀರಿ' ಎಂದು ಕೇಳುವವರಲ್ಲ. ಗೇಟು ತೆಗೆದು ಒಳಗೆ ಬಂದವರಿಗೆ ಮೂರೇ ಪ್ರಶ್ನೆ: ಎಲ್ಲಿಂದ ಹೊರಟಿರಿ, ಯಾವುದರಲ್ಲಿ ಬಂದಿರಿ, ಎಷ್ಟು ಹೊತ್ತಾಯಿತು. ಬದುಕಿಡೀ ಊರೂರಿನ ರಸ್ತೆಗಳಿಗೆ ಸಾಧ್ಯತಾ ವರದಿ ಬರೆದು ನಿವೃತ್ತರಾದ ಸಾರಿಗೆ ಅರ್ಥಶಾಸ್ತ್ರಜ್ಞರು ಅವರು. ನಾಮಕರಣಕ್ಕೆ ಬಂದ ನೆಂಟರೂ ಅವರ ಕಣ್ಣಿಗೆ ಸ್ಯಾಂಪಲ್ಲೇ. ಬಂದವರನ್ನೆಲ್ಲ ಉದ್ಯೋಗ, ಶಿಕ್ಷಣ, ಖರೀದಿ, ಸಾಮಾಜಿಕ ಎಂದು ಮನಸ್ಸಿನಲ್ಲೇ ವಿಂಗಡಿಸಿಕೊಳ್ಳುತ್ತಾರೆ. ಸಾಲ ಕೇಳಲು ಬಂದವನು 'ಇತರೆ'.

ಈ ಪೈಕಿಯವರು ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ಬೆಂಗಳೂರಲ್ಲೋ ದೆಹಲಿಯಲ್ಲೋ ದುಡಿದು, ಕಾಲ್ನಡಿಗೆಯಲ್ಲೇ ಮುಗಿಯುವ ಊರು ಬೇಕೆಂದು ಮರಳಿದವರು. ಮರಳಿದ ಮಾರನೆಯ ದಿನದಿಂದ ಅದರ ರಸ್ತೆ ಅಗಲವಾಗಬೇಕು ಎನ್ನುವವರು. 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ಲು ಬಂದಾಗ ರಾಯರು ಅದರ ಮೇಲೆ ಗಂಟೆಗಟ್ಟಲೆ ಮಾತಾಡಿದರು. ಸೈಕಲ್ಲಿನ ಮೇಲೆ ಮಾತ್ರ ಕೂರಲಿಲ್ಲ. ಜೆ.ಎಲ್.ಬಿ. ರಸ್ತೆ ದಾಟುವಾಗ ಈಗಲೂ ಶಾಲೆಯ ಮಕ್ಕಳ ಹಿಂದೆ ನಿಂತು ದಾಟುತ್ತಾರೆ.

ಅವರಿಗೆ ವಾಹನ ವಾಹನವಲ್ಲ, 'ಪಿಸಿಯು', ಅಂದರೆ ಎಷ್ಟು ಕಾರಿಗೆ ಸಮ ಎಂಬ ಲೆಕ್ಕ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಹಳ್ಳಿಗಾಡಿನ ರಸ್ತೆಗಳ ಕೋಷ್ಟಕದಲ್ಲಿ ಕಾರು ಒಂದಾದರೆ ಸೈಕಲ್ಲು ಅರ್ಧ, ಕುದುರೆಗಾಡಿ ನಾಲ್ಕು, ಎತ್ತಿನಗಾಡಿ ಎಂಟು. ಇದನ್ನು ಕೇಳಿಸಿಕೊಂಡ ಟಾಂಗಾದವನೊಬ್ಬ, "ಹಂಗಾದ್ರೆ ನಾಕು ಕಾರಿನ ಬಾಡಿಗೆ ಕೊಡಿ ಸ್ವಾಮಿ" ಅಂದ. ರಾಯರು ನಗಲಿಲ್ಲ. ನಗರದೊಳಕ್ಕೆ ಬೇರೆ ಕೋಷ್ಟಕವಿದೆ, ಎರಡರ ಮೇಲೆ ಕೊಡೋಕಾಗಲ್ಲ ಅಂದರು.

ಅವರ ಶಾಸ್ತ್ರದ ಬೀಜಮಂತ್ರ ಉಳಿತಾಯದ ನಿಮಿಷ. ರಸ್ತೆ ಅಗಲವಾದರೆ ತಲೆಗೆ ಐದು ನಿಮಿಷ ಉಳಿಯಿತು ಅನ್ನಿ. ಅದನ್ನು ತಲೆಗಳಿಂದ ಗುಣಿಸಿ, ಗಂಟೆಗಿಷ್ಟೆಂದು ದರ ಕಟ್ಟಿ, ಇಪ್ಪತ್ತು ವರ್ಷಕ್ಕೆ ಹಿಗ್ಗಿಸಿದರೆ ಕೋಟಿಗಟ್ಟಲೆ ಲಾಭ. ಆ ಲಾಭದ ದರ ಶೇ. 12 ದಾಟಿದರೆ ಯೋಜನೆ ಪಾಸು. ದಾಟದಿದ್ದರೆ? "ವಾಹನಗಳ ಬೆಳವಣಿಗೆ ದರ ಸ್ವಲ್ಪ ನೋಡ್ಕೋಬೇಕಾಗುತ್ತೆ." ಈ ಕೋಟಿಗಳನ್ನು ಯಾರೂ ಕೈಯಲ್ಲಿ ಹಿಡಿದು ನೋಡಿಲ್ಲ, ಟೋಲ್ ಕಟ್ಟಿದ್ದನ್ನು ಮಾತ್ರ ಎಲ್ಲರೂ ನೋಡಿದ್ದಾರೆ.

ಬೆಂಗಳೂರು–ಮೈಸೂರಿನ 118 ಕಿ.ಮೀ. ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದಾಗ, ಮೂರು ಗಂಟೆಯ ದಾರಿ 75 ನಿಮಿಷಕ್ಕೆ ಇಳಿಯುತ್ತದೆ ಎಂದು ಸರ್ಕಾರ ಹೇಳಿತು. ರಾಯರಿಗೆ ಸ್ವಂತ ಮಗಳ ಮದುವೆಯಷ್ಟು ಸಂಭ್ರಮ. ಬೆಂಗಳೂರಿಗೆ ಹೋಗಿಬಂದ ರಾಯರನ್ನು ಎಷ್ಟು ಹೊತ್ತಾಯಿತೆಂದು ಅವರದೇ ಪ್ರಶ್ನೆ ಕೇಳಿದೆ. "ಕೆಂಗೇರಿವರೆಗೆ ಲೆಕ್ಕ ಸರಿಯಾಗೇ ಇತ್ತು" ಅಂದರು. ಅದರಾಚೆಯದು ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲವಂತೆ.

ಮನೆಯೊಳಗೆ ಮಾತ್ರ ಈ ಶಾಸ್ತ್ರ ಅಷ್ಟಾಗಿ ನಡೆಯದು. 2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದದ್ದೇ, ಅವರ ಹೆಂಡತಿ ಸೋಮವಾರ ಬಂತೆಂದರೆ ನಂಜನಗೂಡಿನ ಬಸ್ಸು ಹತ್ತತೊಡಗಿದರು. ಟಿಕೆಟ್ಟು ಸೊನ್ನೆಯಾದರೂ ಸ್ಟಾಪಿನಲ್ಲಿ ಕಾಯುವುದೂ ಖರ್ಚೇ, ಕಾದ ಒಂದು ನಿಮಿಷವನ್ನು ಕೂತು ಹೋಗುವ ಎರಡು ನಿಮಿಷಕ್ಕೆ ಸಮ ಎಂದು ಹಿಡಿಯಬೇಕು ಎಂದು ರಾಯರು ಬಿಡಿಸಿ ಹೇಳಿದರು. ಸಂಬಳವಿಲ್ಲದವರ ದೇವಸ್ಥಾನದ ಓಡಾಟಕ್ಕೆ ದರವೇ ಕಮ್ಮಿ ಎಂಬುದನ್ನೂ ಮುಚ್ಚಿಡದೆ ಸೇರಿಸಿದರು.

ಆಕೆ ಚಪ್ಪಲಿ ಮೆಟ್ಟುತ್ತಾ, "ರಿಟೈರಾಗಿ ಜಗುಲಿ ಮೇಲೆ ಕೂತೋರ ನಿಮಿಷಕ್ಕೆ ಎಷ್ಟು ಹಿಡೀತೀರಿ?" ಅಂದರು.

ರಾಯರು ಕ್ಯಾಲ್ಕುಲೇಟರ್ ತೆಗೆದರು. ಉತ್ತರ ಬಂದಿರಬೇಕು. ಆವತ್ತು ಮಧ್ಯಾಹ್ನ ಅನ್ನಕ್ಕೆ ಅವರೇ ಇಟ್ಟಿದ್ದರು.