ಕಮಲಾಪುರ ದಾಟಿಸುವ ಪುಸ್ತಕಗಳು

ನಟರು, ಗಾಯಕರು, ಆಟಗಾರರು ತಮ್ಮ ಬಗ್ಗೆ ತಾವೇ ಬರೆದುಕೊಂಡ ಪುಸ್ತಕಗಳಲ್ಲಿ ಯಾವುದು ಓದಿಸಿಕೊಳ್ಳುತ್ತದೆ, ಯಾವುದು ತಲೆದಿಂಬಾಗುತ್ತದೆ ಎಂದು ತಿಳಿಯಲು ಕಲಬುರಗಿಯವರಿಗೆ ಒಂದು ಸುಲಭದ ಅಳತೆ ಇದೆ. ಬಸ್ ನಿಲ್ದಾಣದಲ್ಲಿ ಹುಮನಾಬಾದ್ ಕಡೆಯ ಬಸ್ಸು ಹತ್ತಿ, ಕಮಲಾಪುರಕ್ಕೆ ಟಿಕೆಟ್ ತೆಗೆಸಿ, ಕಿಟಕಿ ಪಕ್ಕ ಕೂತು ಮೊದಲ ಪುಟ ತೆರೆಯಬೇಕು. ಹಾದಿ ಹೆಚ್ಚೂಕಡಿಮೆ ಒಂದು ತಾಸಿನದು. ಮಹಾಗಾಂವ ಕ್ರಾಸ್ ಬರುವ ಮುಂಚೆಯೇ ಓದುಗನ ಗದ್ದ ಎದೆಗೆ ತಾಗಿದರೆ ಪುಸ್ತಕ ಸಾಧಾರಣ. ಕಮಲಾಪುರದ ಕೆಂಪು ಬಾಳೆಯ ಗೊನೆಗಳು ಕಣ್ಣಿಗೆ ಬಿದ್ದು, ಪುಸ್ತಕ ಮಡಚಿ ಇಳಿದರೆ ಪರವಾಗಿಲ್ಲ. ಕಮಲಾಪುರ ಬಂದದ್ದೂ ಹೋದದ್ದೂ ಗೊತ್ತಾಗದಿದ್ದರೆ ಪುಸ್ತಕ ಉತ್ತಮ. ಆಗ ಕಂಡಕ್ಟರನೇ ವಿಮರ್ಶಕ: "ಕಮಲಾಪುರ ಯಾವಾಗೋ ಹೋಗ್ಯದ್ರಿ ಸರ. ಒದರಿ ಒದರಿ ಗಂಟಲ ಹರೀತು. ಹುಮನಾಬಾದಿಗಿ ಟಿಕೀಟ್ ತಗೋರಿ." 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ದಂಡ ಗಂಡಸು ಓದುಗರಿಗೆ ಮಾತ್ರ ಉಳಿದಿದೆ. ಹೆಂಗಸರು ಒಳ್ಳೆಯ ಪುಸ್ತಕ ಹಿಡಿದು ಬೀದರ್‌ವರೆಗೂ ಬಿಟ್ಟಿಯಾಗಿ ಮೈಮರೆಯಬಹುದು.

ಇಂಥ ಅಳತೆ ಬೇಕಾದದ್ದು ಏಕೆಂದರೆ, ಪುಸ್ತಕ ಶಿಫಾರಸು ಮಾಡುವುದು ಮದುವೆಗೆ ಸಂಬಂಧ ಹೇಳಿದಷ್ಟೇ ಅಪಾಯದ ಕೆಲಸ. ಕೂಡಿ ಬಂದರೆ ಹೇಳಿದವರ ನೆನಪು ಯಾರಿಗೂ ಇರುವುದಿಲ್ಲ. ಕೂಡದಿದ್ದರೆ ಹೇಳಿದವರ ಮನೆಬಾಗಿಲಿಗೇ ಬರುತ್ತಾರೆ. ಅದರಲ್ಲೂ ಪ್ರಸಿದ್ಧರ ಆತ್ಮಕಥೆ ಎಂದರೆ ಹೆಸರು ದೊಡ್ಡದು, ಪುಸ್ತಕ ದಪ್ಪ, ಒಳಗೆ ಸನ್ಮಾನದ ಫೋಟೊ. ಈ ಬಗೆಯ ಪುಸ್ತಕಗಳ ವಿಷಯದಲ್ಲಿ ಒಂದು ನಿಯಮವನ್ನು ಧೈರ್ಯವಾಗಿ ಹೇಳಬಹುದು: ಕಥಾನಾಯಕನಿಗೆ ಹೆಸರು ಬಂದ ಪುಟದಿಂದ ಓದುಗನಿಗೆ ಆಕಳಿಕೆ ಬರುತ್ತದೆ. ಹಸಿವು, ಸೋಲು, ಬೈಗುಳ, ಬಾಡಿಗೆ ಬಾಕಿ ಇವೆಲ್ಲ ಮೊದಲರ್ಧದಲ್ಲಿರುತ್ತವೆ; ಉತ್ತರಾರ್ಧದಲ್ಲಿ ಶಾಲು ಮತ್ತು ಹಾರ. ಆದ್ದರಿಂದ ಯಾರು ತಡವಾಗಿ ಪ್ರಸಿದ್ಧರಾದರೋ ಅವರ ಪುಸ್ತಕವನ್ನೇ ಆರಿಸುವುದು ಕ್ಷೇಮ.

ಆತ್ಮಕಥೆಯ ಮೊದಲ ಅಧ್ಯಾಯ ಹುಟ್ಟು. ಹುಟ್ಟುವುದರಲ್ಲಿ ಹುಟ್ಟಿದವರ ಸಾಧನೆ ಏನೂ ಇಲ್ಲವಾದ್ದರಿಂದ ಅನೇಕರು ಇಲ್ಲಿ ವಂಶವೃಕ್ಷ ನೆಟ್ಟು ಪುಟ ತುಂಬಿಸುತ್ತಾರೆ. ಇದಕ್ಕೆ ದೊಡ್ಡ ಅಪವಾದ ಗಿರೀಶ ಕಾರ್ನಾಡರ 'ಆಡಾಡತ ಆಯುಷ್ಯ'. 2011ರಲ್ಲಿ ಬಂದ ಈ ಪುಸ್ತಕದ ಆರಂಭವೇ ಲೇಖಕ ಹುಟ್ಟದೇ ಹೋಗಬಹುದಾಗಿದ್ದ ಪ್ರಸಂಗ. ತಾಯಿ ಗರ್ಭ ತೆಗೆಸಿಕೊಳ್ಳಲೆಂದು ಪುಣೆಯ ಡಾಕ್ಟರ್ ಮಧುಮಾಲತಿ ಗುಣೆ ಅವರ ದವಾಖಾನೆಗೆ ಹೋಗಿ ಕಾದು ಕೂತದ್ದು, ಡಾಕ್ಟರು ಹೊತ್ತಿಗೆ ಬಾರದ್ದರಿಂದ ಎದ್ದು ಬಂದದ್ದು, ಅದು ಎಷ್ಟೋ ವರ್ಷದ ಮೇಲೆ ಧಾರವಾಡದ ಮನೆಯಲ್ಲಿ ಊಟದ ಹೊತ್ತಿಗೆ ಸಹಜ ಮಾತಿನಂತೆ ಹೊರಬಿದ್ದದ್ದು. ಲೇಖಕರು ಪುಸ್ತಕವನ್ನು ಅರ್ಪಿಸಿದ್ದು ಆ ಡಾಕ್ಟರಿಗೇ. ದವಾಖಾನೆಗಳಲ್ಲಿ ಡಾಕ್ಟರನ್ನು ಕಾದು ಬೇಸತ್ತವರು ಈ ಪುಟ ಓದಬೇಕು. ಒಬ್ಬ ಡಾಕ್ಟರು ಬರುವುದು ತಡವಾಯಿತೆಂದು ಕನ್ನಡಕ್ಕೆ 'ತುಘಲಕ್' ಸಿಕ್ಕಿತು, 'ಹಯವದನ' ಸಿಕ್ಕಿತು.

ಕ್ರಿಕೆಟ್ಟಿನಲ್ಲಿ ಈ ಅಧ್ಯಾಯಕ್ಕೆ ಸಾಟಿಯಾದದ್ದು ಸುನಿಲ್ ಗಾವಸ್ಕರ್ ಅವರ 'ಸನ್ನಿ ಡೇಸ್' (1976). ಹುಟ್ಟಿದ ದಿನ ಕೂಸನ್ನು ನೋಡಲು ಬಂದ ಬಂಧುವೊಬ್ಬರು ಅದರ ಎಡಗಿವಿಯ ಹತ್ತಿರ ಒಂದು ಸಣ್ಣ ತೂತನ್ನು ಗಮನಿಸಿದ್ದರು. ಮರುದಿನ ಬಂದು ಎತ್ತಿಕೊಂಡರೆ ಕಿವಿಯ ಬಳಿ ತೂತಿಲ್ಲ. ಆಸ್ಪತ್ರೆಯೆಲ್ಲ ಜಾಲಾಡಿದಾಗ ಅಸಲಿ ಕೂಸು ಒಬ್ಬ ಮೀನುಗಾರ ಹೆಂಗಸಿನ ಮಗ್ಗುಲಲ್ಲಿ ನಿದ್ದೆ ಮಾಡುತ್ತಿತ್ತು. ಕೂಸು ನೋಡಲು ಹೋದವರು ಕೈಯಲ್ಲಿ ನೋಟು ತುರುಕಿ ಬಂದುಬಿಡುವ ಪದ್ಧತಿ ನಮ್ಮಲ್ಲಿದೆ. ಆ ಬಂಧುವೂ ಹಾಗೇ ಮಾಡಿದ್ದರೆ 10,000 ಟೆಸ್ಟ್ ರನ್ ಮೊದಲು ದಾಟುವ ಗೌರವ ಇನ್ಯಾರದೋ ಪಾಲಾಗುತ್ತಿತ್ತು.

ಎರಡನೆಯ ಅಧ್ಯಾಯ ಮನೆ ಬಿಟ್ಟು ಓಡಿಹೋಗುವುದು. ಕಲಾವಿದರ ಆತ್ಮಕಥೆಯಲ್ಲಿ ಇದು ಇಲ್ಲದಿದ್ದರೆ ಪುಸ್ತಕ ಕೊಳ್ಳುವ ಮುಂಚೆ ಒಮ್ಮೆ ಯೋಚಿಸಬೇಕು. ಮಹಾಗಾಂವ ಕ್ರಾಸ್ ಬಂದರೂ ಮನೆ ಬಿಡದ ನಾಯಕ ಕಮಲಾಪುರ ಬಂದರೂ ಬಿಡುವುದಿಲ್ಲ. ಈ ವಿಷಯದಲ್ಲಿ ಕನ್ನಡದಲ್ಲಿ ಮೇಲುಗೈ ಬಿ.ವಿ. ಕಾರಂತರ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಪುಸ್ತಕದ್ದು. ಕಾರಂತರು ಹೇಳಿದ್ದನ್ನು ವೈದೇಹಿ ಬರಹಕ್ಕಿಳಿಸಿದ್ದಾರೆ. ಬಂಟ್ವಾಳ ಸೀಮೆಯ ಮಂಚಿಯ ಹುಡುಗ ಮನೆಯಿಂದ ಓಡಿ ಗುಬ್ಬಿ ನಾಟಕ ಕಂಪನಿ ಸೇರುತ್ತಾನೆ. ಓಡಿಬಂದ ಹುಡುಗನಿಗೆ ಬಣ್ಣ ಹಚ್ಚಿದ ಗುಬ್ಬಿ ವೀರಣ್ಣನವರೇ ಮುಂದೆ ಅವನನ್ನು ಓದಲು ಕಾಶಿಗೆ ಕಳಿಸುತ್ತಾರೆ. ಅಲ್ಲಿ ಹಿಂದಿ ಎಂ.ಎ., ಜೊತೆಗೆ ಓಂಕಾರನಾಥ ಠಾಕೂರರ ಹತ್ತಿರ ಸಂಗೀತ. ಶಾಲೆ ತಪ್ಪಿಸಿ ನಾಟಕಕ್ಕೆ ಹೋದ ಹುಡುಗನನ್ನು ನಾಟಕದವರೇ ವಿಶ್ವವಿದ್ಯಾಲಯಕ್ಕೆ ದಬ್ಬಿದ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ. ಆ ಹುಡುಗ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕನಾದ, ಮೈಸೂರಿನಲ್ಲಿ ರಂಗಾಯಣ ಕಟ್ಟಿದ. ಅದೇ ರಂಗಾಯಣದ ಒಂದು ಶಾಖೆ ಇಂದು ಕಲಬುರಗಿಯಲ್ಲಿದೆ. ಹಾಗಾಗಿ ಮಗ ಮನೆಬಿಟ್ಟು ಓಡುವನೆಂಬ ಭಯ ಕಲಬುರಗಿಯ ತಂದೆತಾಯಿಗಳಿಗೆ ಬೇಕಿಲ್ಲ. ಆಟೋ ಹತ್ತಿದರೆ ಸಾಕು.

ಗುಬ್ಬಿ ವೀರಣ್ಣನವರದೂ ಒಂದು ಆತ್ಮಕಥೆ ಇದೆ, 'ಕಲೆಯೇ ಕಾಯಕ'. 'ಸದಾರಮೆ'ಯ ಕಳ್ಳನ ಪಾತ್ರದಲ್ಲಿ ಹಾಸ್ಯಕ್ಕೆ ಹೆಸರಾದ, 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಮನುಷ್ಯನ ಬದುಕಿನಲ್ಲಿ ನೀರಸ ಪುಟಗಳನ್ನು ಹುಡುಕುವುದೇ ಕಷ್ಟ. ಆನೆಯ ಅನುಕೂಲವೆಂದರೆ ಅದಕ್ಕೆ ಮಾತು ಮರೆಯುವ ಭಯವಿಲ್ಲ, ಸಂಬಳ ಹೆಚ್ಚಿಸೆಂದು ಅದು ಕೇಳುವುದಿಲ್ಲ. ಮೇವಿನ ಲೆಕ್ಕ ಮಾತ್ರ ಬೇರೆ.

ಕಂಪನಿ ನಾಟಕದವರ ಆತ್ಮಕಥೆ ಕಲಬುರಗಿಯವರಿಗೆ ಬೇಗ ಹಿಡಿಸುವುದಕ್ಕೆ ಕಾರಣ ಪುಸ್ತಕದ ಹೊರಗಿದೆ. ಹೋಳಿ ಹುಣ್ಣಿಮೆಯ ಬೆನ್ನಿಗೇ ಶರಣಬಸವೇಶ್ವರರ ಜಾತ್ರೆ ಬರುತ್ತದೆ. ಜಾತ್ರೆ ಎಂದರೆ ತಗಡಿನ ಥಿಯೇಟರು, ಕಾಲುಪೆಟ್ಟಿಗೆಯ ಸದ್ದು, ಮಿರ್ಚಿ ಭಜಿಯ ಎಣ್ಣೆ ಹತ್ತಿದ ಕಾಗದ. ಎರಡರ್ಥದ ಮಾತು ಬಂದಾಗ ಮುಂದಿನ ಸಾಲಿನ ಹಿರಿಯರು ಕೆಮ್ಮುತ್ತಾರೆ, ಹಿಂದಿನವರು ಸೀಟಿ ಹೊಡೆಯುತ್ತಾರೆ, ನಡುವಿನವರು ಎರಡನ್ನೂ ಮಾಡುತ್ತಾರೆ. ಪರದೆಯ ಈಚೆ ಕೂತು ಇಷ್ಟು ನೋಡಿದವರಿಗೆ ಆಚೆ ಏನಿತ್ತೆಂದು ತಿಳಿಯುವ ಚಪಲ ಇದ್ದೇ ಇರುತ್ತದೆ. ಅದನ್ನು ತೀರಿಸಲು ಏಣಗಿ ಬಾಳಪ್ಪನವರ 'ಬಣ್ಣದ ಬದುಕಿನ ಚಿನ್ನದ ದಿನಗಳು' ಇದೆ. ಗಣೇಶ ಅಮೀನಗಡ ಅದನ್ನು ನಿರೂಪಿಸಿದ್ದಾರೆ. ಬಾಳಪ್ಪನವರು ಹುಟ್ಟಿದ್ದು 1914ರಲ್ಲಿ, ತೀರಿಕೊಂಡದ್ದು 2017ರಲ್ಲಿ. ಹೆಣ್ಣು ಪಾತ್ರದಿಂದ ಹಿಡಿದು ಬಸವಣ್ಣನ ಪಾತ್ರದವರೆಗೆ ಎಲ್ಲವನ್ನೂ ಆಡಿ, ಕಂಪನಿ ನಡೆಸಿ, ನೂರು ದಾಟಿದ ಮೇಲೂ ನೆನಪು ಹೇಳುತ್ತಿದ್ದವರು. ಕಂಪನಿ ನಡೆಸಿಯೂ ನೂರು ವರ್ಷ ಬದುಕಿದ್ದು ಹೇಗೆ ಎಂಬ ಪ್ರಶ್ನೆ ವೈದ್ಯಶಾಸ್ತ್ರಕ್ಕೆ ಸೇರಿದ್ದು.

ಗಾಯಕರ ಪುಸ್ತಕಗಳು ಗಾತ್ರದಲ್ಲಿ ಸಣ್ಣವು. ಒಂದು ರಾಗವನ್ನು ತಾಸುಗಟ್ಟಲೆ ಹಿಗ್ಗಿಸಬಲ್ಲವರು ತಮ್ಮ ಬದುಕನ್ನು ಹೇಳುವಾಗ ಛೋಟಾ ಖ್ಯಾಲಿಗೇ ಮುಗಿಸುತ್ತಾರೆ. ಮಲ್ಲಿಕಾರ್ಜುನ ಮನಸೂರರ 'ನನ್ನ ರಸಯಾತ್ರೆ' ಅಂಥದ್ದು. ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಹುಡುಗ ಮೀರಜಿನ ನೀಲಕಂಠಬುವಾ ಅವರಲ್ಲಿ ಕಲಿತು, ಹೆಸರು ಮಾಡಿದ ಮೇಲೆ ಮುಂಬೈಯಲ್ಲಿ ಮಂಜಿಖಾನರ ಮುಂದೆ ಮತ್ತೆ ಹೊಸ ವಿದ್ಯಾರ್ಥಿಯಾಗಿ ಕೂತ ಕಥೆ. ಆ ಗುರು ಬೇಗ ತೀರಿಕೊಂಡರು, ಆಮೇಲೆ ಭುರ್ಜಿಖಾನರು. ಹೆಸರು ಬಂದ ಮೇಲೂ ಶಿಷ್ಯನಾಗಿ ಉಳಿದದ್ದರಿಂದ ಈ ಪುಸ್ತಕದಲ್ಲಿ ಆಕಳಿಕೆಯ ಅಧ್ಯಾಯವೇ ಇಲ್ಲ.

ಗಂಗೂಬಾಯಿ ಹಾನಗಲ್ಲರ 'ನನ್ನ ಬದುಕಿನ ಹಾಡು' ಎನ್.ಕೆ. ಕುಲಕರ್ಣಿಯವರು ಕೇಳಿ ಬರೆದದ್ದು. ಕಮಲಾಪುರದ ಬಸ್ಸಿನಲ್ಲಿ ಓದಲು ಇದಕ್ಕಿಂತ ತಕ್ಕ ಪುಸ್ತಕ ಇಲ್ಲ. ಏಕೆಂದರೆ ಇದರ ನಾಯಕಿಯೂ ದಿನಬೆಳಗಾದರೆ ಪ್ರಯಾಣಿಕಳೇ. ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಳ್ಳಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರಬೇಕಿತ್ತು. ಒಂದೇ ಸ್ವರಗುಚ್ಛವನ್ನು ಗುರು ಮತ್ತೆ ಮತ್ತೆ ಹೇಳಿಸಿ ಕಳಿಸುತ್ತಿದ್ದರು. ಹನ್ನೊಂದರ ವಯಸ್ಸಿನಲ್ಲಿ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಹಾಡಿದ ಹುಡುಗಿ ಆಕೆ. ಮುಂದೆ ಗಂಟಲಿಗೆ ಚಿಕಿತ್ಸೆಯಾಗಿ ದನಿ ಗಡುಸಾಯಿತು. ದನಿ ಮಾತ್ರ ಕೇಳಿದವರು ಗಂಡಸೆಂದು ತಿಳಿಯುವಷ್ಟು. ಜಾತಿಯ ಚುಚ್ಚುಮಾತು, ಹಣದ ತಾಪತ್ರಯ ಎಲ್ಲವೂ ಪುಸ್ತಕದಲ್ಲಿವೆ. ಆದರೆ ಕರುಣೆ ಬೇಡುವ ಒಂದು ಸಾಲೂ ಇಲ್ಲ. ನಗಲು ಪುಸ್ತಕ ಹುಡುಕುತ್ತ ಹೊರಟವರು ಇಲ್ಲಿ ಕೆಲವು ಪುಟ ಸುಮ್ಮನಾಗುತ್ತಾರೆ. ಬಸ್ಸಿನ ಕಿಟಕಿ ಇರುವುದು ಅಂಥ ಹೊತ್ತಿಗೆ.

ಇನ್ನು ಆಟಗಾರರು. ಕನ್ನಡದ ಕಪಾಟಿನಲ್ಲಿ ಅವರ ಗೂಡು ಬಡವಾಗಿದೆ. ಮೈದಾನದಲ್ಲಿ ಕನ್ನಡದಲ್ಲೇ ಬೈದುಕೊಂಡವರು ಪುಸ್ತಕ ಬರೆಯುವಾಗ ಇಂಗ್ಲಿಷಿಗೆ ಹೋದರು. 2022ರಲ್ಲಿ ಮಹಾರಾಜ ಟ್ರೋಫಿ ಗೆದ್ದ ತಂಡದ ಹೆಸರು ಗುಲ್ಬರ್ಗಾ ಮಿಸ್ಟಿಕ್ಸ್; ಊರಿನ ಹೆಸರಿರುವ ತಂಡ ಗೆದ್ದರೂ ಊರಿನ ಅಂಗಡಿಯಲ್ಲಿ ಆಟಗಾರರ ಕನ್ನಡ ಪುಸ್ತಕ ಕೇಳಿದರೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ಕೈಗೆ ಬರುವ ಸಂಭವವೇ ಹೆಚ್ಚು. ಇಂಗ್ಲಿಷಿನಲ್ಲಿ ಓದಬಲ್ಲವರು ಇ.ಎ.ಎಸ್. ಪ್ರಸನ್ನರ 'ಒನ್ ಮೋರ್ ಓವರ್' (1977) ಹುಡುಕಬಹುದು. 1962ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಮಾಡಿ ಬಂದವರು ಎಂಜಿನಿಯರಿಂಗ್ ಮುಗಿಸಲು ಕೂತು, ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಇದು ಕರ್ನಾಟಕದಲ್ಲಿ ಮಾತ್ರ ನಡೆಯುವ ಕಥೆ. ಭಾರತ ತಂಡವೇನೋ ಸರಿ, ಡಿಗ್ರಿ ಮುಗಿಸಿದೆಯೇನಪ್ಪ ಎಂದು ಕೇಳುವ ಹಿರಿಯರು ಓಣಿಗೆ ಒಬ್ಬರಿದ್ದಾರೆ.

ಜಿ.ಆರ್. ವಿಶ್ವನಾಥರ 'ರಿಸ್ಟ್ ಅಶ್ಯೂರ್ಡ್' 2022ರಲ್ಲಿ ಬಂತು. ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. 1969ರ ಕಾನ್ಪುರದಲ್ಲಿ ಆ ಸೊನ್ನೆ ಮತ್ತು ಶತಕದ ನಡುವೆ ಕಳೆದ ಹೊತ್ತಿಗಾಗಿಯೇ ಇಂಥ ಪುಸ್ತಕ ಓದಬೇಕು. ರನ್ನಿನ ಲೆಕ್ಕ ಬೇಕಾದವರಿಗೆ ಸ್ಕೋರ್‌ಬೋರ್ಡ್ ಇದೆ. ಶತಕಗಳನ್ನು ಒಂದಾದ ಮೇಲೊಂದು ಜೋಡಿಸಿದ ಕ್ರಿಕೆಟಿಗರ ದಪ್ಪ ಪುಸ್ತಕಗಳು ತೊಗರಿಯ ಗೋದಾಮಿನಂತೆ. ಸರಕು ನಂಬರ್ ಒಂದು, ಆದರೆ ಒಳಗೆ ಕೂತು ಯಾರೂ ಊಟ ಮಾಡುವುದಿಲ್ಲ.

ಹೊರಗಿನವರ ಪೈಕಿ ಎರಡನ್ನು ಬಿಡುವಂತಿಲ್ಲ. ಒಂದು, ಟೆನಿಸ್ ಆಟಗಾರ ಆಂಡ್ರೆ ಅಗಾಸಿಯ 'ಓಪನ್' (2009). 1990ರ ಫ್ರೆಂಚ್ ಓಪನ್ ಫೈನಲ್‌ಗೆ ಹಿಂದಿನ ರಾತ್ರಿ ಅವನ ಟೋಪನ್ನು, ಅಂದರೆ ಕೃತಕ ಕೂದಲು, ಸ್ನಾನಕ್ಕೆ ನಿಂತಾಗ ಬಿಚ್ಚಿಕೊಳ್ಳುತ್ತದೆ. ಅಣ್ಣ ಪಿನ್ನುಗಳನ್ನು ಸಿಕ್ಕಿಸಿ ಹೇಗೋ ನಿಲ್ಲಿಸುತ್ತಾನೆ. ಮರುದಿನ ಅಂಗಣಕ್ಕಿಳಿದವನು ದೇವರಲ್ಲಿ ಬೇಡಿಕೊಂಡದ್ದು ಗೆಲುವನ್ನಲ್ಲ, ಕೂದಲು ಉದುರದಿರಲಿ ಎಂದು. ಕೂದಲು ಉಳಿಯಿತು, ಫೈನಲ್ ಹೋಯಿತು. ಇಂಥದ್ದನ್ನು ಮುಚ್ಚಿಡದೆ ಹೇಳುವವನ ಮಾತನ್ನು ಉಳಿದ ಪುಟಗಳಲ್ಲೂ ನಂಬಬೇಕೆನಿಸುತ್ತದೆ.

ಇನ್ನೊಂದು ಚಾರ್ಲಿ ಚಾಪ್ಲಿನ್ನನ ಆತ್ಮಕಥೆ (1964). ಹಾಡುತ್ತಿದ್ದ ತಾಯಿಯ ದನಿ ರಂಗದ ಮೇಲೇ ಒಡೆದುಹೋದಾಗ ಐದು ವರ್ಷದ ಮಗನನ್ನು ತಂದು ನಿಲ್ಲಿಸುತ್ತಾರೆ. ಹುಡುಗ ಹಾಡುತ್ತಾನೆ, ಜನ ಚಿಲ್ಲರೆ ಎಸೆಯುತ್ತಾರೆ. ಹುಡುಗ ಹಾಡು ನಿಲ್ಲಿಸಿ, ಮೊದಲು ದುಡ್ಡು ಆರಿಸಿಕೊಂಡು ಆಮೇಲೆ ಹಾಡುತ್ತೇನೆ ಎನ್ನುತ್ತಾನೆ. ಮ್ಯಾನೇಜರ್ ಕರವಸ್ತ್ರ ಹಿಡಿದು ಆರಿಸಲು ಬಂದರೆ, ದುಡ್ಡು ಅವನೇ ಹೊಡೆದುಕೊಂಡಾನೆಂದು ಹುಡುಗ ಬೆನ್ನಿಗೇ ಬೀಳುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ಜಾತ್ರೆಯ ಥಿಯೇಟರು ಕಂಡವರಿಗೆ ಇದು ಇಂಗ್ಲೆಂಡಿನ ಸಂಗತಿ ಎನಿಸುವುದೇ ಇಲ್ಲ.

ಇಲ್ಲಿ ಹೇಳಿದ ಹಲವು ಪುಸ್ತಕಗಳನ್ನು ಬದುಕಿದವರೊಬ್ಬರು, ಬರೆದವರೊಬ್ಬರು. ಕೆಲವರು ಇದಕ್ಕೆ ಮೂಗು ಮುರಿಯುತ್ತಾರೆ. ಮುರಿಯಬೇಕಾಗಿಲ್ಲ. ಎದುರಿಗೊಬ್ಬರು ಕೂತು ಹೂಂಗುಟ್ಟದಿದ್ದರೆ ಕಥೆ ಹೇಳುವ ಬಾಯಿ ಒಣಗುತ್ತದೆ. ಒಬ್ಬರೇ ಕೂತು ಬರೆದರೆ ಸುಳ್ಳಿಗೆ ಸಾಕ್ಷಿ ಇರುವುದಿಲ್ಲ. ಬರೆಯದೇ ಹೋದವರ ಪಟ್ಟಿಯಲ್ಲಿ ಕಲಬುರಗಿಗೊಂದು ನಷ್ಟವಿದೆ. ಇಲ್ಲಿ 1916ರಲ್ಲಿ ಹುಟ್ಟಿ, ಮುಂಬೈಯಲ್ಲಿ ಹಿಂದಿ ಸಿನಿಮಾಗಳ ಪೋಸ್ಟರ್ ಬರೆದ ಎಸ್.ಎಂ. ಪಂಡಿತರ ಹೆಸರಿನ ರಂಗಮಂದಿರ ಊರಿನಲ್ಲಿದೆ. ಎಷ್ಟು ನಾಯಕ ನಾಯಕಿಯರು ಅವರ ಕುಂಚದ ಮುಂದೆ ಹಾದುಹೋದರೋ, ಆ ಕಥೆಯನ್ನು ಕೂತು ಕೇಳಿ ಬರೆದುಕೊಳ್ಳುವ ಒಬ್ಬ ವೈದೇಹಿ ಕಲಬುರಗಿಯಲ್ಲಿ ಬೇಕಿತ್ತು.

ಒಂದೇ ಪುಸ್ತಕ ಕೊಳ್ಳುವಷ್ಟು ದುಡ್ಡಿದ್ದವರು ಕಾರಂತರದನ್ನು ಕೊಳ್ಳಬೇಕು. ಎರಡಕ್ಕಾದರೆ ಗಂಗೂಬಾಯಿಯವರದು. ಎರವಲು ಕೊಡುವುದಿದ್ದರೆ ಕ್ರಿಕೆಟಿಗರ ದಪ್ಪ ಪುಸ್ತಕ ಕೊಡಿ. ಅದು ಖಂಡಿತ ವಾಪಸ್ ಬರುತ್ತದೆ. ಕಮಲಾಪುರದ ಕೆಂಪು ಬಾಳೆ ಬೇಕಾಗಿ ಬಸ್ಸು ಹತ್ತಿದವರು ಕಾರಂತರ ಪುಸ್ತಕ ಬಿಚ್ಚುವ ಮುಂಚೆ ಕಂಡಕ್ಟರನಿಗೆ ಒಂದು ಮಾತು ಹೇಳಿಡಿ.